ಸರ್ವರ್ ಬಿದ್ದ ಹೊತ್ತಲ್ಲಿ ಬರೆಯೋಕೆ ಪುರುಸೊತ್ತೆಲ್ಲಿ?

2017ರ ಜನವರಿ 31ರ ರಾತ್ರಿ ಪ್ರೋಗ್ರಾಮರ್‌ಗಳು ಕೋಡ್ ಇಟ್ಟುಕೊಳ್ಳುವ ಸೈಟ್ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ಡೇಟಾಬೇಸಿನ ಫೋಲ್ಡರ್ ಒಂದನ್ನು ಅಳಿಸಿದರು. ಅಳಿಸಬೇಕಿದ್ದದ್ದು ಡಿಬಿ2 ಅನ್ನುವ ಸ್ಟ್ಯಾಂಡ್‌ಬೈ (ಡೇಟಾದ ನಕಲು ಇಟ್ಟುಕೊಂಡಿರುವ) ಮೆಷಿನ್‌ನಲ್ಲಿ. ಅಳಿಸಿದ್ದು ಡಿಬಿ1ರಲ್ಲಿ, ಅಂದರೆ ಇಡೀ ಸೈಟ್ ನಡೆಯುತ್ತಿದ್ದ ಪ್ರೈಮರಿ ಡೇಟಾಬೇಸಿನಲ್ಲಿ. ಒಂದೆರಡು ಸೆಕೆಂಡಿಗೇ ಗೊತ್ತಾಗಿ ಕಮಾಂಡ್ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 310 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಈ ಕಥೆ ಐಟಿಯವರಲ್ಲಿ ಬಹಳ ಜನಕ್ಕೆ ಗೊತ್ತು. ಎಲ್ಲರಿಗೂ ನೆನಪಿರೋದು ಆ ಡಿಲೀಟ್, ಆಮೇಲೆ ಒಂದೊಂದಾಗಿ ಕೈಕೊಟ್ಟ ಬ್ಯಾಕಪ್‌ಗಳು. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಇರುವುದು ಅವತ್ತು ರಾತ್ರಿ ಅವರು ತೆರೆದಿಟ್ಟಿದ್ದ ಒಂದು ಗೂಗಲ್ ಡಾಕ್ ಬಗ್ಗೆ. ಕೆಲಸ ನಡೆಯುತ್ತಿದ್ದಾಗಲೇ ಅದರಲ್ಲಿ ಸಾಲು ಸಾಲಾಗಿ ಬರೆಯುತ್ತಾ ಹೋದರು. ಎಷ್ಟು ಗಂಟೆಗೆ ಏನಾಯಿತು, ಯಾರು ಏನು ಮಾಡಿದರು, ಯಾಕೆ ಮಾಡಿದರು, ಎಲ್ಲ ಅದರಲ್ಲಿತ್ತು. ಆ ಡಾಕ್ ಅನ್ನು ಸಾರ್ವಜನಿಕರಿಗೂ ತೆರೆದುಬಿಟ್ಟರು. ಯೂಟ್ಯೂಬ್‌ನಲ್ಲಿ ಸಾವಿರಾರು ಜನ ರಿಪೇರಿ ಕೆಲಸವನ್ನು ಲೈವ್ ನೋಡಿದರು. ಮಾರನೇ ದಿನ ಯುಟಿಸಿ (ಜಗತ್ತಿಗೆಲ್ಲ ಸಾಮಾನ್ಯವಾದ ಗಡಿಯಾರ) ಸಂಜೆ 6ರ ಹೊತ್ತಿಗೆ ಸೈಟ್ ಪೂರ್ತಿ ಎದ್ದು ನಿಂತಿತು. ಸುಮಾರು ಆರು ಗಂಟೆಯ ಡೇಟಾ ಮಾತ್ರ ವಾಪಸ್ ಬರಲಿಲ್ಲ.

ಇಂಥ ಟಿಪ್ಪಣಿಯನ್ನೇ ಇಲ್ಲಿ ಲಾಗ್ ಅನ್ನುತ್ತಿದ್ದೇನೆ. ಸರ್ವರ್ ತಾನಾಗಿ ಬರೆದುಕೊಳ್ಳುವ ಲಾಗ್ ಬೇರೆ. ಅದರಲ್ಲಿ ಮೆಷಿನ್ ಏನು ಮಾಡಿತು ಅನ್ನುವುದು ಮಾತ್ರ ಸಿಗುತ್ತದೆ. ಕೂತು ಕೆಲಸ ಮಾಡಿದವರು ಏನು ಅಂದುಕೊಂಡು ಹಾಗೆ ಮಾಡಿದರು ಅನ್ನುವುದು ಯಾವ ಮೆಷಿನ್‌ಗೂ ಗೊತ್ತಿರುವುದಿಲ್ಲ. ಎಲ್ಲ ಮುಗಿದ ಮೇಲೆ ಬರೆಯುವ ಪೋಸ್ಟ್‌ಮಾರ್ಟಂ ಅಥವಾ ಆರ್‌ಸಿಎ (ಮೂಲ ಕಾರಣ ಹುಡುಕುವ ವರದಿ) ಕೂಡ ಬೇರೆ. ಅದನ್ನು ಬರೆಯುವಾಗ ಕಾರಣ ಏನೆಂದು ಎಲ್ಲರಿಗೂ ಗೊತ್ತಾಗಿರುತ್ತದೆ. ಲಾಗ್ ಬರೆಯುವಾಗ ಯಾರಿಗೂ ಗೊತ್ತಿರುವುದಿಲ್ಲ. ಅದರ ಬೆಲೆ ಇರುವುದು ಅಲ್ಲೇ.

ಗಿಟ್‌ಲ್ಯಾಬ್ ಡಾಕ್‌ನ ಕೆಲವು ಸಾಲುಗಳನ್ನು ಹತ್ತಿರದಿಂದ ನೋಡೋಣ.

ಡಿಲೀಟ್‌ಗೆ ಮುಂಚಿನ ಕಥೆ ಹೀಗಿದೆ. ಡಿಬಿ2 ಪ್ರೈಮರಿಗಿಂತ ತುಂಬಾ ಹಿಂದೆ ಬಿದ್ದಿತ್ತು. ಅದನ್ನು ಹೊಸದಾಗಿ ತುಂಬಿಸಲು ಹೊರಟಾಗ ಒಂದಾದ ಮೇಲೊಂದು ತೊಡಕು. ಒಂದು ಹಂತದಲ್ಲಿ ಡೇಟಾಬೇಸ್ ನಡೆಸುವ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಶುರುವಾಗುವುದಕ್ಕೇ ಒಪ್ಪಲಿಲ್ಲ. ಆಗ ಗರಿಷ್ಠ ಕನೆಕ್ಷನ್ ಸಂಖ್ಯೆಯನ್ನು 8000ದಿಂದ 2000ಕ್ಕೆ ಇಳಿಸಿದರು, ಪೋಸ್ಟ್‌ಗ್ರೆಸ್ ಎದ್ದಿತು. ಡಾಕ್‌ನಲ್ಲಿ ಇಷ್ಟನ್ನು ಬರೆದು ಬಿಟ್ಟಿದ್ದರೂ ಸಾಕಿತ್ತು. ಪಕ್ಕದಲ್ಲೇ ಇನ್ನೊಂದು ಮಾತು ಸೇರಿಸಿದ್ದಾರೆ: ಹೆಚ್ಚುಕಡಿಮೆ ಒಂದು ವರ್ಷದಿಂದ 8000ದಲ್ಲೇ ನಡೆಯುತ್ತಿದ್ದರೂ ಈಗ ಹೀಗಾಯಿತು ಅಂತ. ಬರೆದವರಿಗೇ ಆಶ್ಚರ್ಯ ಆಗಿದೆ, ಆ ಆಶ್ಚರ್ಯವೂ ದಾಖಲಾಗಿದೆ. ಆಮೇಲೆ ಓದುವವನಿಗೆ ಎಲ್ಲಿ ಕೆದಕಿ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಗುರುತು ಇನ್ನೇನು ಬೇಕು?

ಮುಂದಿನದು ಡಿಲೀಟ್ ಸಾಲು. ಡೇಟಾ ತುಂಬಿಸುವ ಟೂಲ್‌ಗೆ ಫೋಲ್ಡರ್ ಪೂರ್ತಿ ಖಾಲಿ ಇಲ್ಲದಿರುವುದೇ ತೊಂದರೆ ಇರಬಹುದು ಎಂದು ಅವರು ಭಾವಿಸಿದರು, ಅದಕ್ಕೇ ಅಳಿಸಿದರು ಎಂದು ಅಲ್ಲಿ ಬರೆದಿದೆ. ಆ 'ಭಾವಿಸಿದರು' ಇಲ್ಲದಿದ್ದರೆ ಓದಿದವರು ಇದು ಬರೀ ಅಜಾಗರೂಕತೆ ಅಂತ ಮುಗಿಸಿಬಿಡುತ್ತಿದ್ದರು. ಅದು ಇದ್ದುದರಿಂದ ಮುಂದಿನ ಪ್ರಶ್ನೆ ಹುಟ್ಟುತ್ತದೆ: ಯಾಕೆ ಹಾಗೆ ಭಾವಿಸಿದರು? ಉತ್ತರ ಕಂಪನಿಯೇ ಆಮೇಲೆ ಬಿಡಿಸಿ ಹೇಳಿತು. ಆ ಟೂಲ್ ಪ್ರೈಮರಿಯಿಂದ ಡೇಟಾ ಬರಲು ಶುರುವಾಗುವ ತನಕ ಏನೂ ಹೇಳದೆ ಸುಮ್ನೆ ಕಾಯುತ್ತಾ ಕೂರುತ್ತದೆ. ನೋಡುವವರಿಗೆ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತದೆ. ಹೀಗಾಗುವುದು ಮಾಮೂಲು ಅಂತ ಅದೇ ತಂಡದ ಇನ್ನೊಬ್ಬ ಇಂಜಿನಿಯರ್‌ಗೆ ಗೊತ್ತಿತ್ತು. ಅವರು ಆ ಹೊತ್ತಲ್ಲಿ ಅಲ್ಲಿರಲಿಲ್ಲ. ತಂಡದ ಕೆಲಸದ ಕೈಪಿಡಿಯಾದ ರನ್‌ಬುಕ್‌ನಲ್ಲೂ ಅದು ಸ್ಪಷ್ಟವಾಗಿ ಇರಲಿಲ್ಲ. 'ಹತ್ತು ನಿಮಿಷ ಏನೂ ತೋರಿಸಲ್ಲ, ಗಾಬರಿಯಾಗಬೇಡಿ' ಅಂತ ಹಿಂದೆ ಯಾವತ್ತೋ ಯಾರಾದರೂ ಒಂದು ಸಾಲು ಬರೆದಿಟ್ಟಿದ್ದರೆ ಅಂತ ಈಗ ಅನ್ನಿಸುತ್ತದೆ, ಅಲ್ವಾ?

ಮೂರನೇ ಸಾಲು ನನಗೆ ಬಹಳ ಇಷ್ಟ. ಡಿಲೀಟ್ ಮಾಡಿದ ಇಂಜಿನಿಯರ್, ಇವತ್ತು ಇನ್ನು ನಾನು ಸೂಡೋ (ಅಡ್ಮಿನ್ ಅಧಿಕಾರ) ಹಾಕಿ ಏನನ್ನೂ ಓಡಿಸದಿರುವುದೇ ಒಳ್ಳೆಯದು ಎಂದು ಹೇಳಿ, ರಿಪೇರಿಯನ್ನು ಸಹೋದ್ಯೋಗಿಯ ಕೈಗೆ ಕೊಟ್ಟರು ಎಂದಿದೆ. ಯಾರ ಮೇಲೂ ಬೆರಳು ತೋರಿಸದೆ, ಯಾರನ್ನೂ ಸಮಾಧಾನ ಮಾಡದೆ ಒಂದು ಹ್ಯಾಂಡೋವರ್ ದಾಖಲಾಗಿದೆ. ಕೆಲಸ ಈಗ ಯಾರ ಕೈಯಲ್ಲಿದೆ, ಯಾರು ಪ್ರಾಡ್ (ಬಳಕೆದಾರರಿಗಾಗಿ ನಿಜಕ್ಕೂ ಓಡುತ್ತಿರುವ ಸಿಸ್ಟಮ್) ಮುಟ್ಟಬಾರದು ಅನ್ನುವುದು ಎಲ್ಲರಿಗೂ ತಿಳಿಯಿತು.

ಇನ್ನೊಂದು ಕುತೂಹಲದ ವಿಷಯ. ಅವತ್ತು ಸಂಜೆಯಿಂದಲೇ ಡೇಟಾಬೇಸ್ ಮೇಲೆ ಲೋಡ್ ಏರುತ್ತಿತ್ತು. ಸ್ಪ್ಯಾಮರ್‌ಗಳ ಕಾಟ ಅಂತ ಡಾಕ್ ಹೇಳುತ್ತದೆ. ಆಮೇಲಿನ ತನಿಖೆಯಲ್ಲಿ ಬೇರೆಯದೂ ಸಿಕ್ಕಿತು. ಕಂಪನಿಯದೇ ಉದ್ಯೋಗಿಯೊಬ್ಬರ ಅಕೌಂಟ್ ಮೇಲೆ ಯಾರೋ ದೂರು ಒತ್ತಿದ್ದರು, ತಪ್ಪಿ ಅದು ಅಳಿಸುವ ಸಾಲಿಗೆ ಸೇರಿತ್ತು. ಅದನ್ನು ಅಳಿಸುತ್ತಿದ್ದ ಬ್ಯಾಕ್‌ಗ್ರೌಂಡ್ ಜಾಬ್ ಕೂಡ ಲೋಡ್‌ಗೆ ಒಂದು ಕಾರಣ. ಹಾಗಂತ ಡಾಕ್‌ನ ಸಾಲು ತಪ್ಪಾಗುವುದಿಲ್ಲ. ಅವತ್ತು ಅವರಿಗೆ ತಿಳಿದಿದ್ದದ್ದು ಅಷ್ಟೇ, ಮುಂದಿನ ಹೆಜ್ಜೆಗಳನ್ನು ಇಟ್ಟದ್ದೂ ಆ ತಿಳಿವಳಿಕೆಯ ಮೇಲೇ. ಹಿಂದೆ ಹೋಗಿ ಆ ಸಾಲನ್ನು ತಿದ್ದಿಬಿಟ್ಟರೆ ಅವರು ಯಾಕೆ ಹಾಗೆ ನಡೆದುಕೊಂಡರು ಅನ್ನುವುದೇ ಅರ್ಥವಾಗುವುದಿಲ್ಲ.

'ಮುಗಿದ ಮೇಲೆ ನೆನಪಿನಿಂದ ಬರೆದರಾಯ್ತು' ಅನ್ನುವವರಿಗೆ ಉತ್ತರ ಇಲ್ಲಿದೆ. ಮರೆತುಹೋಗುವುದಂತೂ ಇದ್ದದ್ದೇ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞರಾದ ಬಾರೂಕ್ ಫಿಷ್‌ಹಾಫ್ ಮತ್ತು ರೂತ್ ಬೇಯ್ತ್ 1975ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹೆಸರಾದದ್ದು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೋಗುವ ಮುನ್ನ, ಅಲ್ಲಿ ಏನೇನು ನಡೆಯಬಹುದು, ಎಷ್ಟರ ಮಟ್ಟಿಗೆ ನಡೆಯಬಹುದು ಎಂದು ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ, ನೀವು ಅವತ್ತು ಏನು ಬರೆದಿದ್ದಿರಿ ನೆನಪಿಸಿಕೊಳ್ಳಿ ಎಂದರು. ನಡೆದುಹೋದ ಘಟನೆಗಳ ವಿಷಯದಲ್ಲಿ ಜನ ತಾವು ನಿಜಕ್ಕೂ ಬರೆದದ್ದಕ್ಕಿಂತ ಜಾಸ್ತಿ ಖಚಿತವಾಗಿ ಹೇಳಿದ್ದೆವು ಅಂತ ನೆನಪಿಸಿಕೊಂಡರು. 'ನಂಗೆ ಮೊದಲೇ ಗೊತ್ತಿತ್ತು' ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ನೆನಪಿರುತ್ತದೆ. ಆರ್‌ಸಿಎ ಮೀಟಿಂಗ್‌ಗಳಲ್ಲಿ ಈ ಮಾತು ಎಷ್ಟು ಸಲ ಕೇಳುತ್ತದೆ ಅನ್ನುವುದು ಅಲ್ಲಿ ಕೂತವರಿಗೆ ಗೊತ್ತು.

ಹಾಗಾದರೆ ಒಂದು ಸಾಲಿನಲ್ಲಿ ಏನಿರಬೇಕು? ನಾನೇ ಕಟ್ಟಿದ ಒಂದು ಉದಾಹರಣೆ ನೋಡಿ. ಯಾವುದೋ ಪೇಮೆಂಟ್ ಪುಟ ಕೆಟ್ಟಿದೆ, ಇಬ್ಬರು ಕೆಲಸ ಮಾಡುತ್ತಿದ್ದಾರೆ ಅಂದುಕೊಳ್ಳಿ. ಒಬ್ಬರ ಗುರುತು 'ಕೆ', ಇನ್ನೊಬ್ಬರದು 'ಆರ್'. ಡಿಪ್ಲಾಯ್ ಅಂದರೆ ಹೊಸ ಕೋಡ್ ಹಾಕುವುದು, ರೋಲ್‌ಬ್ಯಾಕ್ ಅಂದರೆ ಹಳೆಯದಕ್ಕೆ ಮರಳುವುದು.

14:02 – ಅಲರ್ಟ್ ಬಂತು. ಪೇಮೆಂಟ್ 100ಕ್ಕೆ 12 ಫೇಲ್. ಡ್ಯಾಶ್‌ಬೋರ್ಡ್ ಸ್ಕ್ರೀನ್‌ಶಾಟ್ ಹಾಕಿದೆ. (ಕೆ)
14:06 – ಊಹೆ: 13:50ರ ಡಿಪ್ಲಾಯ್ ಇರಬಹುದು. ಟೈಮ್ ಹೊಂದುತ್ತೆ ಅಷ್ಟೇ, ಬೇರೆ ಪುರಾವೆ ಇಲ್ಲ. (ಕೆ)
14:09 – ರೋಲ್‌ಬ್ಯಾಕ್ ಶುರು, ಆ್ಯಪ್ ಸರ್ವರ್ 1ರಿಂದ 4. ಐದು ನಿಮಿಷದಲ್ಲಿ ಎರರ್ ಇಳಿಯಬೇಕು. (ಆರ್)
14:16 – ಇಳಿದಿಲ್ಲ, ಈಗಲೂ 12. ಡಿಪ್ಲಾಯ್ ಅಲ್ಲ ಅನ್ನಿಸುತ್ತೆ. (ಆರ್)
14:17 – ಡೇಟಾಬೇಸ್ ಕನೆಕ್ಷನ್ 200ಕ್ಕೆ 200 ಭರ್ತಿ. (ಕೆ)
14:21 – ತಾತ್ಕಾಲಿಕ: ಕನೆಕ್ಷನ್ ಮಿತಿ 200ರಿಂದ 300ಕ್ಕೆ ಏರಿಸಿದೆ. ಆಮೇಲೆ ಇಳಿಸಬೇಕು. (ಆರ್)
14:24 – ಎರರ್ 100ಕ್ಕೆ 1. ಕನೆಕ್ಷನ್ ಯಾಕೆ ತುಂಬಿತು ಗೊತ್ತಿಲ್ಲ. (ಕೆ)

ವ್ಯಾಕರಣ ಸರಿಯಿರಬೇಕಾಗಿಲ್ಲ. ಕಂಗ್ಲಿಷ್ ಆದರೂ ನಡೆಯುತ್ತದೆ, ತಂಡದವರಿಗೆ ಓದಿ ತಿಳಿದರೆ ಆಯಿತು. ಆದರೆ ಈ ಏಳು ಸಾಲಿನಲ್ಲಿ ಕೆಲವು ಸಣ್ಣ ಅಭ್ಯಾಸಗಳಿವೆ. ಕಣ್ಣಿಗೆ ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಊಹೆಗೆ ಊಹೆ ಅಂತಲೇ ಹೆಸರು ಹಾಕಿದೆ. 'ಎರರ್ ಜಾಸ್ತಿ ಇದೆ' ಅಂತ ಬಿಡದೆ 12 ಅಂತ ಅಂಕಿ ಬರೆದಿದೆ. ಮುಖ್ಯವಾಗಿ 14:09ರ ಸಾಲು ನೋಡಿ. ಏನಾಗಬೇಕು, ಎಷ್ಟು ಹೊತ್ತಿನಲ್ಲಿ ಆಗಬೇಕು ಅನ್ನುವುದನ್ನು ಕೆಲಸಕ್ಕೆ ಕೈ ಹಾಕುವ ಮೊದಲೇ ಬರೆದಿದ್ದಾರೆ. ಅದರಿಂದಲೇ 14:16ರ ಸಾಲಿಗೆ ಅರ್ಥ ಬಂದದ್ದು. ನಿರೀಕ್ಷೆ ಬರೆದಿಲ್ಲದಿದ್ದರೆ 'ಇನ್ನು ಸ್ವಲ್ಪ ನೋಡೋಣ, ಇಳಿಯಬಹುದು' ಅನ್ನುತ್ತಾ ಇಪ್ಪತ್ತು ನಿಮಿಷ ಕಳೆದುಹೋಗುತ್ತಿತ್ತು.

ಇಡೀ ಪಟ್ಟಿಯಲ್ಲಿ ಯಾವ ಸಾಲಿಗೆ ಬೆಲೆ ಜಾಸ್ತಿ ಅಂದರೆ ನಾನು 14:16ರದ್ದು ಅನ್ನುತ್ತೇನೆ. ಮಾಡಿದ್ದು ಫಲಿಸಲಿಲ್ಲ ಅನ್ನುವುದನ್ನು ಬರೆಯಲು ಯಾರಿಗೂ ಉತ್ಸಾಹ ಇರುವುದಿಲ್ಲ. ಬರೆಯದೆ ಬಿಟ್ಟರೆ ಏನಾಗುತ್ತದೆ? ಮುಕ್ಕಾಲು ಗಂಟೆ ಆದ ಮೇಲೆ ಎಲ್ಲರೂ ಕೂಡಿ ಮಾತಾಡುವ ಬ್ರಿಡ್ಜ್ ಕಾಲ್‌ಗೆ ಹೊಸಬರೊಬ್ಬರು ಸೇರುತ್ತಾರೆ. ಅವರ ಮೊದಲ ಪ್ರಶ್ನೆ, 'ಡಿಪ್ಲಾಯ್ ರೋಲ್‌ಬ್ಯಾಕ್ ಮಾಡಿ ನೋಡಿದ್ರಾ?' ಆಮೇಲೆ ಬಂದ ಮ್ಯಾನೇಜರ್‌ದೂ ಅದೇ ಪ್ರಶ್ನೆ. ಪ್ರತಿ ಸಲ ಕೆಲಸ ಮಾಡುತ್ತಿರುವವನು ಕೈ ನಿಲ್ಲಿಸಿ, 'ಮಾಡಿದ್ವಿ ಸರ್, ಆಗಿಲ್ಲ' ಅಂತ ಮೊದಲಿಂದ ಕಥೆ ಹೇಳಬೇಕು. ಲಾಗ್ ಇದ್ದರೆ ಲಿಂಕ್ ಕೊಟ್ಟು ಸುಮ್ಮನಾಗಬಹುದು. ಬರೆಯಲು ಪುರುಸೊತ್ತಿಲ್ಲ ಅನ್ನುವವರ ಪುರುಸೊತ್ತೆಲ್ಲ ಹೀಗೆ ಹೇಳಿದ್ದನ್ನೇ ಹೇಳುವುದರಲ್ಲಿ ಹೋಗಿರುತ್ತದೆ.

ಆಫೀಸಿನವರು ಚಾಟ್ ಮಾಡುವ ಸ್ಲಾಕ್ ಚಾನೆಲ್‌ನಲ್ಲೇ ಎಲ್ಲ ಇರುತ್ತಲ್ಲ, ಮತ್ತೆ ಬೇರೆ ಲಾಗ್ ಯಾಕೆ? ಚಾಟ್‌ನಲ್ಲಿ ಟೈಮ್ ತಾನಾಗಿ ಬೀಳುತ್ತದೆ, ಅದು ಅನುಕೂಲವೇ. ಆದರೆ ಅಲ್ಲಿ 'ಟ್ರೈ ಮಾಡ್ತೀನಿ' ಅಂದವರೆಲ್ಲ ಮಾಡಿರುವುದಿಲ್ಲ. ಮಾಡಿದವರೆಲ್ಲ ಹೇಳಿರುವುದಿಲ್ಲ. ನಡುವೆ ಮೂವತ್ತು ಜನರ 'ಎನಿ ಅಪ್‌ಡೇಟ್?' ಬೇರೆ. ಚಾಟ್ ಅನ್ನು ಬಳಸಿಕೊಂಡು ಲಾಗ್ ಬರೆಯಬಹುದು, ಚಾಟೇ ಲಾಗ್ ಆಗುವುದಿಲ್ಲ.

ಯಾರು ಬರೆಯಬೇಕು ಅನ್ನುವುದಕ್ಕೆ ಉತ್ತರ ಸಾಫ್ಟ್‌ವೇರ್‌ಗಿಂತ ಹಳೆಯದು. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಬ್ಬಿದ ಕಾಳ್ಗಿಚ್ಚುಗಳ ಹೊತ್ತಲ್ಲಿ ಬೇರೆ ಬೇರೆ ಇಲಾಖೆಗಳ ನಡುವೆ ಹೊಂದಾಣಿಕೆಯೇ ಇರಲಿಲ್ಲ. ಆ ಅನುಭವದಿಂದ ಹುಟ್ಟಿದ್ದು ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್. ಸಿಸ್ಟಮ್ ಕೆಟ್ಟಾಗ ಕರೆ ಬಂದ ಕೂಡಲೇ ಕೂರಬೇಕಾದ ನಮ್ಮ ಆನ್‌ಕಾಲ್ ಜಗತ್ತಿನ 'ಇನ್ಸಿಡೆಂಟ್ ಕಮಾಂಡರ್' ಅನ್ನುವ ಹೆಸರು ಅಲ್ಲಿಂದ ಬಂದದ್ದು. ಆ ಪದ್ಧತಿಯಲ್ಲಿ ಐಸಿಎಸ್ 214 ಅನ್ನುವ ಫಾರಂ ಇದೆ, ಚಟುವಟಿಕೆಯ ಲಾಗ್. ಅದರ ಮುಖ್ಯ ಭಾಗದಲ್ಲಿ ಇರುವುದು ಎರಡೇ ಕಾಲಂ: ದಿನಾಂಕ ಮತ್ತು ಸಮಯ, ನಡೆದ ಮುಖ್ಯ ಸಂಗತಿ. ಬೆಂಕಿಯ ಎದುರು ನಿಂತವರಿಗೇ ಇದಕ್ಕೆ ಸಮಯ ಸಿಗುತ್ತದೆ ಅಂದಮೇಲೆ ಎಸಿ ರೂಮಿನಲ್ಲಿ ಕೂತವರು ಸಮಯ ಇಲ್ಲ ಅನ್ನುವುದು ಕಷ್ಟ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2012ರಲ್ಲಿ ಹೊರತಂದ ಕಂಪ್ಯೂಟರ್ ಸುರಕ್ಷತೆಯ ಮಾರ್ಗಸೂಚಿಯೂ ಇದನ್ನೇ ಹೇಳಿತ್ತು: ಸಾಧ್ಯವಾದಷ್ಟೂ ಇಬ್ಬರಾದರೂ ಇರಲಿ, ಒಬ್ಬರು ಕೆಲಸ ಮಾಡಲಿ, ಇನ್ನೊಬ್ಬರು ಬರೆಯಲಿ. ಬರೆಯುವವರನ್ನು ತಂಡಗಳಲ್ಲಿ ಸ್ಕ್ರೈಬ್ ಅನ್ನುತ್ತಾರೆ.

ಸ್ಕ್ರೈಬ್ ಕೆಲಸವನ್ನು ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಮೇಲೆ ಹಾಕುವುದು ಸಾಮಾನ್ಯ. ಒಂದು ರೀತಿಯಲ್ಲಿ ಒಳ್ಳೆಯದೇ, ಸಿಸ್ಟಮ್ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಅವರಿಗೆ ಮಾತು ತಡೆದು ಕೇಳುವ ಹಕ್ಕನ್ನು ಮೊದಲೇ ಕೊಟ್ಟಿರಬೇಕು. 'ಒಂದ್ನಿಮಿಷ, ಈಗ ರೀಸ್ಟಾರ್ಟ್ ಮಾಡಿದ್ದು ಯಾವ ಸರ್ವರ್?' ಅಂತ ಆರು ತಿಂಗಳ ಅನುಭವದವರು ಹದಿನೈದು ವರ್ಷದವರನ್ನು ಕೇಳಬೇಕಾಗುತ್ತದೆ. ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಸಂಕೋಚದಿಂದಲೇ ಈ ಪ್ರಶ್ನೆ ಬಾಯಿಗೆ ಬರುವುದಿಲ್ಲ. ಆ ಪ್ರಶ್ನೆಗೆ ಬರೆದುಕೊಳ್ಳುವುದರ ಆಚೆಗೂ ಉಪಯೋಗ ಇದೆ. ಮೆಷಿನ್ ಹೆಸರನ್ನು ಬಾಯಿಬಿಟ್ಟು ಹೇಳುವಾಗ 'ಅಯ್ಯೋ, ಇದು ಡಿಬಿ1!' ಅಂತ ಹೊಳೆಯಲು ಒಂದು ಅವಕಾಶ ಸಿಗುತ್ತದೆ.

ರಾತ್ರಿ ಎರಡಕ್ಕೆ ಒಬ್ಬರೇ ಎದ್ದು ಕೂತಿದ್ದರೆ? ಆಗ ಕೈಯೇ ಸ್ಕ್ರೈಬ್. ಪ್ರಾಡ್ ಮೇಲೆ ಓಡಿಸುವ ಕಮಾಂಡ್ ಅನ್ನು ಮೊದಲು ಲಾಗ್‌ನಲ್ಲಿ ಟೈಪ್ ಮಾಡಿ, ಅಲ್ಲಿಂದ ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿ. ಕ್ರಮ ತಿರುಗಿಸಿದ್ದರಿಂದ ಬರೆಯುವ ಕೆಲಸ ಬೇರೆಯಾಗಿ ಉಳಿಯುವುದಿಲ್ಲ, ಓಡಿಸುವ ಮುಂಚೆ ಇನ್ನೊಮ್ಮೆ ಓದಿದ ಹಾಗೂ ಆಗುತ್ತದೆ. ಲಿನಕ್ಸ್‌ನಲ್ಲಿ ಸ್ಕ್ರಿಪ್ಟ್ ಅನ್ನುವ ಕಮಾಂಡ್ ಇದೆ, ಟರ್ಮಿನಲ್‌ನಲ್ಲಿ ಕಂಡದ್ದನ್ನೆಲ್ಲ ಫೈಲ್‌ಗೆ ಬರೆದಿಡುತ್ತದೆ. ಅದನ್ನೂ ಶುರುಮಾಡಿ ಇಡಿ. ಏನು ನಡೆಯಿತು ಅನ್ನುವುದು ಅದರಲ್ಲಿ ಸಿಗುತ್ತದೆ. ಯಾಕೆ ಅನ್ನುವುದು ಸಿಗುವುದಿಲ್ಲ, ಅಷ್ಟನ್ನು ನೀವೇ ಬರೆಯಬೇಕು.

ಇನ್ನು ಗಡಿಯಾರ. ಗಿಟ್‌ಲ್ಯಾಬ್ ಡಾಕ್‌ನಲ್ಲಿ ಡಿಲೀಟ್ ನಿಲ್ಲಿಸಿದ ಸಮಯ 23:27 ಯುಟಿಸಿ, ತಾರೀಕು ಜನವರಿ 31. ಭಾರತದ ಸಮಯಕ್ಕೆ ತಂದರೆ ಫೆಬ್ರವರಿ 1ರ ಬೆಳಗಿನ ಜಾವ 4:57. ಐದೂವರೆ ಗಂಟೆಯ ಜೊತೆಗೆ ತಾರೀಕೂ ಬದಲಾಯಿತು, ತಿಂಗಳೂ ಬದಲಾಯಿತು. ಬೆಂಗಳೂರಿನ ತಂಡ ಐಎಸ್‌ಟಿಯಲ್ಲಿ, ಅಮೆರಿಕದ ತಂಡ ಅಲ್ಲಿನ ಟೈಮ್‌ನಲ್ಲಿ, ಸರ್ವರ್ ಯುಟಿಸಿಯಲ್ಲಿ ಬರೆದರೆ ಮಾರನೇ ದಿನ ಮೂರನ್ನೂ ಹೊಂದಿಸುವುದೇ ಒಂದು ಕೆಲಸ. ಯಾವುದಾದರೂ ಒಂದನ್ನು ಹಿಡಿದು ಲಾಗ್‌ನ ತಲೆಯ ಮೇಲೆ ಬರೆದುಬಿಡಿ. ನಾನಂತೂ ಯುಟಿಸಿ ಅನ್ನುತ್ತೇನೆ, ಸರ್ವರ್‌ಗಳ ಲಾಗ್ ಜೊತೆ ಪಕ್ಕಪಕ್ಕ ಇಟ್ಟು ನೋಡಬಹುದು.

ಭಾರತದಲ್ಲಿ ಸಮಯದ ಲೆಕ್ಕಕ್ಕೆ ಕಾನೂನಿನ ಬಲವೂ ಇದೆ. ಸೈಬರ್ ಸುರಕ್ಷತೆಯ ಸರ್ಕಾರಿ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಪಟ್ಟಿಮಾಡಿದ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಸಿಸ್ಟಮ್ ಲಾಗ್‌ಗಳನ್ನು 180 ದಿನ ಉಳಿಸಿಕೊಂಡಿರಬೇಕು. ಗಡಿಯಾರಗಳನ್ನು ಎನ್‌ಐಸಿ (ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯದ ಸರ್ವರ್‌ಗಳಿಗೆ ಹೊಂದಿಸಿರಬೇಕು. ಇಲ್ಲಿ ಹೇಳಿರುವುದು ಮೆಷಿನ್ ಲಾಗ್‌ಗಳ ಬಗ್ಗೆ, ಸ್ಕ್ರೈಬ್ ಬರೆಯುವ ಟಿಪ್ಪಣಿಯ ಬಗ್ಗೆ ಅಲ್ಲ. ಆದರೂ ಆರು ಗಂಟೆ ಯಾವಾಗಿಂದ ಎಣಿಸಬೇಕು ಅನ್ನುವ ಪ್ರಶ್ನೆ ಬಂದಾಗ, ಯಾರ ಗಮನಕ್ಕೆ ಯಾವಾಗ ಬಂತು ಎಂದು ಹೇಳುವುದು ನಿಮ್ಮ ಟಿಪ್ಪಣಿಯ ಮೊದಲ ಸಾಲೇ. ಹಾಗಾಗಿ ಅನುಮಾನ ಬಂದ ಕೂಡಲೇ ಶುರುಮಾಡಿ. ಏನೂ ಇಲ್ಲ ಅಂತಾದರೆ ಮೂರು ಸಾಲು ದಂಡ ಆಯಿತು, ಅಷ್ಟೇ.

ಲಾಗ್ ಎಲ್ಲಿರಬೇಕು? ಬಿದ್ದಿರುವ ಸಿಸ್ಟಮ್ ಮೇಲಂತೂ ಅಲ್ಲ. ತಮಾಷೆ ಅನ್ನಿಸಬಹುದು, ಆದರೆ ದೊಡ್ಡ ದೊಡ್ಡವರೇ ಸಿಕ್ಕಿಬಿದ್ದಿದ್ದಾರೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಫೈಲ್ ಸಂಗ್ರಹದ ಸೇವೆ ಎಸ್3 ಬಿತ್ತು. ಸೇವೆಗಳು ಹೇಗಿವೆ ಅಂತ ಗ್ರಾಹಕರಿಗೆ ತೋರಿಸುವ ಅವರ ಡ್ಯಾಶ್‌ಬೋರ್ಡ್‌ನ ಆಡಳಿತ ಭಾಗ ಎಸ್3 ಮೇಲೇ ನಿಂತಿತ್ತು. ಸುಮಾರು ಎರಡು ಗಂಟೆ ಅದನ್ನು ಅಪ್‌ಡೇಟ್ ಮಾಡಲು ಆಗದೆ ಟ್ವಿಟರ್‌ನಲ್ಲಿ ಸುದ್ದಿ ಹಾಕಬೇಕಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಕಾಣೆಯಾದಾಗ ಅವರ ಒಳಗಿನ ಟೂಲ್‌ಗಳೂ ಜೊತೆಗೇ ಹೋದವು. ತಂಡದ ಟಿಪ್ಪಣಿಗಳಿರುವ ನಿಮ್ಮ ವಿಕಿ ನಿಮ್ಮದೇ ಸರ್ವರ್‌ಗಳ ಕ್ಲಸ್ಟರ್‌ನಲ್ಲಿ ಓಡುತ್ತಿದ್ದರೆ, ಲಾಗಿನ್ ಸಿಸ್ಟಮ್ ಬಿದ್ದ ದಿನ ಅದಕ್ಕೆ ಲಾಗಿನ್ ಆಗೋದು ಹೇಗೆ? ಬೇರೆ ಕಡೆ ಒಂದು ಡಾಕ್ ಇರಲಿ. ಅದೂ ಆಗದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಒಂದು ಟೆಕ್ಸ್ಟ್ ಫೈಲ್, ಇಲ್ಲವೇ ನೋಟ್‌ಬುಕ್ ಮತ್ತು ಪೆನ್ನು.

ಬರೆಯಬಾರದ್ದೂ ಇದೆ. ಪಾಸ್‌ವರ್ಡ್, ಟೋಕನ್, ಗ್ರಾಹಕರ ಫೋನ್ ನಂಬರ್ ಯಾವುದೂ ಬೇಡ. ಗಡಿಬಿಡಿಯಲ್ಲಿ ಟರ್ಮಿನಲ್‌ನಿಂದ ಪೇಸ್ಟ್ ಮಾಡುವಾಗ ಇವು ನುಸುಳುವುದೇ ಜಾಸ್ತಿ. ಯಾರೋ ಸಿಸ್ಟಮ್ ಒಳಗೆ ನುಗ್ಗಿದ್ದಾರೆ ಅನ್ನುವ ಅನುಮಾನ ಇದ್ದರೆ, ಆ ಕಳ್ಳನೂ ಓದಬಹುದಾದ ಜಾಗದಲ್ಲಿ ಲಾಗ್ ಇಡಬೇಡಿ. ಜನರ ಬಗ್ಗೆ ತೀರ್ಪೂ ಬೇಡ. 'ಆರ್ ನೋಡದೆ ರೀಸ್ಟಾರ್ಟ್ ಮಾಡಿದರು' ಅಂತ ಒಮ್ಮೆ ಬರೆದರೆ ಮುಂದಿನ ಸಲ ಆರ್ ತಾನು ಮಾಡಿದ್ದನ್ನು ಹೇಳುವುದೇ ಇಲ್ಲ, ಅಲ್ಲಿಗೆ ಲಾಗ್‌ನ ಕಥೆ ಮುಗಿಯಿತು. ಗಿಟ್‌ಲ್ಯಾಬ್ ತನ್ನ ಅಂತಿಮ ವರದಿಯಲ್ಲಿ ಆ ಇಂಜಿನಿಯರ್ ಹೆಸರನ್ನು ಹಾಕಲಿಲ್ಲ, 'ಒಬ್ಬ ಇಂಜಿನಿಯರ್' ಎಂದಷ್ಟೇ ಹೇಳಿತು.

ಶಿಫ್ಟ್ ಬದಲಾಗುವಾಗ ಲಾಗ್‌ಗೆ ಮೂರು ಸಾಲಿನ ತಲೆಬರಹ ಸೇರಿಸಿದರೆ ಒಳ್ಳೆಯದು. ಈಗ ಏನು ಕೆಟ್ಟಿದೆ, ಯಾವ ಕೆಲಸ ನಡೆಯುತ್ತಿದೆ, ಯಾವುದನ್ನು ಮುಟ್ಟಬಾರದು. ಹೊಸದಾಗಿ ಬಂದವರು ಇಡೀ ಲಾಗ್ ಓದುವ ತನಕ ಇಷ್ಟು ಸಾಕು. ಗಂಟೆಗಟ್ಟಲೆ ನಡೆಯುವ ಡೇಟಾ ಕಾಪಿಗಳಲ್ಲಿ ಇದು ತುಂಬಾ ಬೇಕಾಗುತ್ತದೆ. 'ಕಾಪಿ ಓಡುತ್ತಿದೆ, ನಿಂತ ಹಾಗೆ ಕಾಣಬಹುದು, ಕೊಲ್ಲಬೇಡಿ' ಅನ್ನುವ ಸಾಲು ಎಷ್ಟೋ ರಾತ್ರಿಗಳನ್ನು ಉಳಿಸಬಲ್ಲದು.

ಸೇವೆ ವಾಪಸ್ ಬಂದ ಕೂಡಲೇ ಎಲ್ಲರೂ ಕಾಲ್ ಬಿಟ್ಟು ಮಲಗಲು ಹೋಗುತ್ತಾರೆ. ಲಾಗ್‌ಗೆ ಇನ್ನೂ ಹತ್ತು ನಿಮಿಷದ ಕೆಲಸ ಇರುತ್ತದೆ. 'ತಾತ್ಕಾಲಿಕ' ಅಂತ ಗುರುತು ಹಾಕಿದ ಸಾಲುಗಳನ್ನು ಹುಡುಕಿ: ಏರಿಸಿದ ಮಿತಿಗಳು, ಆಫ್ ಮಾಡಿಟ್ಟ ಅಲರ್ಟ್‌ಗಳು, ನಿಲ್ಲಿಸಿದ ಕ್ರಾನ್ ಜಾಬ್‌ಗಳು (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸಗಳು), ಯಾರಿಗೋ ತುರ್ತಾಗಿ ಕೊಟ್ಟ ಅಡ್ಮಿನ್ ಪರ್ಮಿಷನ್. ಒಂದೊಂದಕ್ಕೂ ಒಂದು ಟಿಕೆಟ್ (ಬಾಕಿ ಕೆಲಸದ ನಮೂದು) ತೆಗೆದು, ಯಾರು ಮಾಡಬೇಕು ಅಂತ ಹೆಸರು ಹಾಕಿ, ಟಿಕೆಟ್ ನಂಬರನ್ನು ಆ ಸಾಲಿನ ಪಕ್ಕ ಬರೆಯಿರಿ. ಆಫ್ ಮಾಡಿದ ಅಲರ್ಟ್‌ಗಳನ್ನು ಮಾತ್ರ ಬೆಳಗಿನ ತನಕ ಬಿಡಬೇಡಿ, ಮಲಗುವ ಮುಂಚೆಯೇ ಆನ್ ಮಾಡಿಬಿಡಿ.